ಉದ್ದಿನ ರಾಶಿಯ ಮುಂದೆ

ಹೆದರಿ ನಿಂತಿತೋ, ಕೆಟ್ಟು ನಿಂತಿತೋ, ಇಲ್ಲಾ ತನ್ನನ್ನು ಪರೀಕ್ಷಿಸಲಿಕ್ಕೇ ನಿಂತಿತೋ? ದೌಲಪ್ಪನಿಗೆ ಬಗೆಹರಿಯಲಿಲ್ಲ. ಡ್ರೈವರ್ ಇಲ್ಲದೆ ಓಡುವ ಆ ಪುಟ್ಟ ಕರೆಂಟ್ ಗಾಡಿ ಕಮಲಾಪುರ ಬಿಟ್ಟು ಕಲಬುರಗಿಯ ಕಡೆ ಹೊರಟಿದ್ದು, ಹಳ್ಳಿಯ ರಸ್ತೆಯೊಂದರ ನಡುವೆ ತಾನಾಗಿ ನಿಂತುಬಿಟ್ಟಿತ್ತು. ಮುಂದೆ ರಸ್ತೆಯ ಅಗಲಕ್ಕೂ ಒಣಗಿದ ಉದ್ದಿನ ಗಿಡ ಹರವಿದ್ದರು.

ಅವನ ಕೆಲಸ ಸುಮ್ಮನೆ ಕೂಡುವುದು. ಗಾಡಿ ದಾರಿ ತಪ್ಪಿದರೆ ಮಾತ್ರ ಸ್ಟೇರಿಂಗ್ ಹಿಡಿಯಬೇಕು, ಪೆಡಲ್ ತುಳಿಯಬೇಕು. ಕಲಬುರಗಿಯ ನಡುಪೇಟೆ ಸೂಪರ್ ಮಾರ್ಕೆಟ್‌ನ ಗದ್ದಲದಲ್ಲಿ ಆಟೋ ಓಡಿಸಿಯೇ ಕೂದಲು ಬೆಳ್ಳಗಾದವನಿಗೆ ಇದರಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಇವತ್ತು ಊರು ಮುಟ್ಟಿದ ಮೇಲೆ ಕಂಪನಿಯವರು ಅವನನ್ನು ಒಂದೇ ಮಾತು ಕೇಳುವವರಿದ್ದರು: ಇದನ್ನು ಸೂಪರ್ ಮಾರ್ಕೆಟ್‌ಗೆ ಬಿಡಬಹುದೋ, ಬಾರದೋ. ಆಟೋ ಸ್ಟ್ಯಾಂಡಿನ ಬುರ್ಹಾನುದ್ದೀನ್ ಬೆಳಿಗ್ಗೆಯೇ ಕುಟುಕಿದ್ದ: "ಹೋಗು ಚಾಚಾ, ನಮ್ಮ ಗೋರಿ ಅಗಿಯೋ ಮಶೀನಿಗಿ ನೀನೇ ಮೊದಲ ಸಲಾಂ ಹೊಡಿ."

'ಬ್ಯಾಡ' ಎನ್ನಲು ಒಂದು ನೆಪ ಸಿಕ್ಕೀತೆಂದು ದೌಲಪ್ಪ ದಾರಿಯುದ್ದಕ್ಕೂ ಕಾದಿದ್ದ. ಗಾಡಿಯೋ ಎಮ್ಮೆಗೆ ದಾರಿ ಬಿಟ್ಟಿತು, ಎದುರು ಬಂದ ಟ್ರ್ಯಾಕ್ಟರಿಗೆ ಸರಿದು ನಿಂತಿತು, ಕೋಳಿಯೊಂದು ಮರಿಗಳನ್ನೆಲ್ಲ ಕರೆದುಕೊಂಡು ದಾಟುವ ತನಕ ಕಾದಿತು. ಹಾರ್ನ್ ಇಲ್ಲ, ಬೈಗುಳ ಇಲ್ಲ. ಆ ಮೌನಕ್ಕೆ ಅವನು ತನಗೇ ಗೊತ್ತಿಲ್ಲದಂತೆ ಬೆರಗಾಗಿದ್ದ. ಈಗ ನೆಪ ಸಿಕ್ಕಿತು.

"ನೋಡ್ರಿ ಮೇಡಂ, ನಿಮ್ಮ ಗಾಡಿಗಿ ನಮ್ಮ ರೋಡ್ ಗೊತ್ತಿಲ್ಲ. ಗಾಲಿ ಹಾಯಲಿ ಅಂತನೇ ಇಲ್ಲಿ ಹಾಕ್ಯಾರ. ಹಾದ್ರೇ ಕಾಳು ಬಿಡ್ತಾವ. ಇಲ್ಲಿ ನಿಂತವಗ ಬೈತಾರ, ಹಾದವಗ ಅಲ್ಲ."

ಪಕ್ಕದಲ್ಲಿ ಕೂತಿದ್ದ ಇಂಜಿನಿಯರ್ ಮಾಧವಿ ನಕ್ಕಳು. "ಅಯ್ಯ, ಇದು ನಾವು ಕಲಿಸೇ ಇಲ್ಲ ನೋಡ್ರಿ ಕಾಕಾ! ನಮ್ಮ ಕಲಬುರಗಿ ಗಾಜಿಪುರದಾಗ ಯಾರು ರಾಶಿ ಮಾಡ್ತಾರ? ತಡೀರಿ, ಆಫೀಸಿಗಿ ಕೇಳ್ತೀನಿ. ನೀವು ಏನೂ ಮುಟ್ಟಬ್ಯಾಡ್ರಿ ಮತ್ತ." ಸಿಗ್ನಲ್ ಹುಡುಕುತ್ತ ಇಳಿದು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದಳು.

"ಏನಪಾ ಶಾಣ್ಯಾ, ಸಿಕ್ಕೊಂಡಿ?" ಎಂದ ದೌಲಪ್ಪ, ಗಾಡಿಗೆ. ಇಂಥ ರಾಶಿಗಳ ಮೇಲೆ ಹಾಯುವುದೆಂದರೆ ಅವನಿಗೆ ಹಬ್ಬ. ಗಾಲಿಯ ಕೆಳಗೆ ಕಾಯಿ ಚಟಚಟ ಒಡೆಯುವ ಸದ್ದೊಂದಕ್ಕೇ ಅವನು ಸುತ್ತು ಹಾಕಿ ಹೋಗಿದ್ದುಂಟು. ಹಿಂದೆ ತಿರುಗಿ ನೋಡಿದ. ಮಾಧವಿ ದೂರ ಇದ್ದಳು. ಗಾಡಿ ಮುಂದೆ ಹಾಯಲೆಂದು ಪೆಡಲ್ ತುಳಿದ.

ಗಾಡಿ ಕದಲಲಿಲ್ಲ. ಬೆನ್ನನ್ನು ಸೀಟಿಗೆ ಒತ್ತಿ, ಇದ್ದ ಬಲವೆಲ್ಲ ಕಾಲಿಗೆ ಹಾಕಿ ಇನ್ನೊಮ್ಮೆ ತುಳಿದ. ಗುರುಗುಡಲಿಲ್ಲ, ನಡುಗಲೂ ಇಲ್ಲ. ಗುಡ್ಡವನ್ನು ತುಳಿದಂತಾಯಿತು.

ಆಗ, ಬೇವಿನ ನೆರಳು ಬಿದ್ದ ಕಡೆ ರಾಶಿ ಮಿಸುಕಿತು. ಗಿಡಗಳ ನಡುವಿನಿಂದ ಒಂದು ಕೈ ಬಂತು. ಆಮೇಲೆ ಆ ಗಿಡಗಳದೇ ಬಣ್ಣದ ಸೆರಗು. ಆಮೇಲೆ ಮುಖ. ರಾಶಿ ಕಾಯಲು ಬಂದು ಅಲ್ಲೇ ಅಡ್ಡಾಗಿ, ನೊಣದ ಕಾಟಕ್ಕೆ ಗಿಡಗಳನ್ನೇ ಕೌದಿಯಂತೆ ಎಳೆದುಕೊಂಡಿದ್ದ ಮುದುಕಿ. ಎದ್ದು ಕೂತು, ಕಣ್ಣಿಗೆ ಕೈ ಅಡ್ಡ ಹಿಡಿದು ಗಾಡಿಯತ್ತ ನೋಡಿದಳು.

"ಯಾಕೋ ಎಪ್ಪಾ, ನಿಂತೇ ಬಿಟ್ಟಿ? ಹಾಯ್ಸು, ಹಾಯ್ಸು! ಕಾಳು ಬಿಡ್ಲಿ!"

ದೌಲಪ್ಪನ ಕಾಲು ತಾನಾಗಿ ಪೆಡಲಿನಿಂದ ಹಿಂದೆ ಬಂತು. ತಾನು ರಾಶಿಯನ್ನಷ್ಟೇ ನೋಡಿದ್ದ. ಗಾಡಿ ಬೇರೆ ಏನನ್ನೋ ನೋಡಿ, ಯಾರು ನಕ್ಕರೂ ಯಾರು ತುಳಿದರೂ ಕದಲದೆ ನಿಂತಿತ್ತು. ದೇವರ ಗುಡಿಗೆ ಬಂದವನಂತೆ ಅವನು ಮೆಲ್ಲಗೆ ಚಪ್ಪಲಿ ಬಿಟ್ಟ.

ಮಾಧವಿ ಓಡಿ ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ. "ಆಫೀಸಿನವ್ರು ನೋಡಿ ಹೇಳಿದ್ರು, ಉಸಿರಾಡೋದು ಕಂಡದ ಕಾಕಾ ಇದಕ್ಕ! ಅಷ್ಟು ಗಿಡದ ಕೆಳಗ ಆಯಿ ಉಸಿರಾಡೋದು ಕಂಡದ!" ಬಾಗಿಲು ಹಿಡಿದು ಸುಧಾರಿಸಿಕೊಂಡಳು. "ಮತ್ತ ನೀವು ನನ್ನ ಮಾತು ಕೇಳಿ ಸುಮ್ನ ಕುಂತ್ರಿ, ಪುಣ್ಯಾ ಬರ್ಲಿ ನಿಮಗ. ಬ್ಯಾರೇದವರಿದ್ರ ತುಳದೇ ಬಿಡ್ತಿದ್ರು."

ದೌಲಪ್ಪ ಮುದುಕಿಯನ್ನೇ ನೋಡುತ್ತಿದ್ದ. ಅವಳು ಸೆರಗಿಗೆ ಅಂಟಿದ ಹೊಟ್ಟು ಕೊಡವುತ್ತ, ಗಾಡಿಯ ಒಳಗೆ ಇಣುಕಿ, ಓಡಿಸುವವನು ಯಾರೆಂದು ಹುಡುಕುತ್ತಿದ್ದಳು.

ಕಲಬುರಗಿ ಮುಟ್ಟಿದಾಗ ಕಂಪನಿಯವರು ಕೇಳಿದರು. "ಬಿಡ್ರಿ. ಸೂಪರ್ ಮಾರ್ಕೆಟ್‌ಕ್ಕೇ ಬಿಡ್ರಿ," ಎಂದ ದೌಲಪ್ಪ. ಯಾಕೆ ಎಂದರು. ಗಾಡಿ ನಿಂತದ್ದನ್ನು ಹೇಳಿದ, ರಾಶಿಯಿಂದ ಕೈ ಬಂದದ್ದನ್ನು ಹೇಳಿದ, ಮುದುಕಿ "ಹಾಯ್ಸು" ಎಂದದ್ದನ್ನೂ ಹೇಳಿದ. ತಾನು ಎರಡು ಸಲ ಪೆಡಲ್ ತುಳಿದಿದ್ದನ್ನು ಅವನು ಅವತ್ತು ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ.