ಬರೀ ನೀರಡಿಕೆ

“ಪಾದ್ರಿ ಇನ್ನೂ ಬಂದಿಲ್ಲೇನ?” ಅನ್ನಪೂರ್ಣವ್ವ ಸೊಸೆಯ ಕಿವಿಯಲ್ಲಿ ಕೇಳಿದರು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ, ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಆ ಪ್ರಾರ್ಥನಾ ಸಭೆಯಲ್ಲಿ ಎಲ್ಲರೂ ಸುಮ್ಮನೆ ಕೂತಿದ್ದರು.

“ಇವರಿಗೆ ಪಾದ್ರಿನ ಇಲ್ಲ ಅತ್ತಿ. ಹಿಂಗ ಸುಮ್ಮನ ಕೂತು ದೇವರಿಗೆ ಕಾಯ್ತಾರ.” ಸಂಹಿತಾ ನಗು ತಡೆದುಕೊಂಡು, ತನ್ನ ಪಿಎಚ್.ಡಿ.ಗೆ ಓದುತ್ತಿದ್ದ ಹಳೆಯ ಪುಸ್ತಕದ ಸಾಲೊಂದನ್ನು ಪಿಸುಗುಟ್ಟಿದಳು. “ಮುನ್ನೂರು ವರ್ಷದ ಹಿಂದ ಇವರ ಪೈಕಿ ಒಬ್ಬಾಕಿ ಬರದಾಳ. ದೇವರೇ, ನನ್ನ ಹತ್ರ ಪ್ರಾರ್ಥನೆ ಉಳಿದಿಲ್ಲ, ಬರೀ ನೀರಡಿಕೆ ಅದ, ಅದನ್ನ ತಂದೀನಿ ಅಂತ.”

“ಅಷ್ಟ ತಂದ್ರ ನಡೀತದೇನ?”

“ನಡೀತದ ಅಂತಾಳ ಆಕಿ.”

ಗಂಡ ರಾಚಯ್ಯ ತೀರಿಕೊಂಡ ಮೇಲೆ ಅನ್ನಪೂರ್ಣವ್ವ ಪೂಜೆಗೆ ಕೂತಿರಲಿಲ್ಲ. ಮಂತ್ರ ಬಾಯಿಗೆ ಬರುತ್ತಿತ್ತು, ಮನಸ್ಸು ಬರುತ್ತಿರಲಿಲ್ಲ. ಈಗ ಅವರು ಕೊರಳಿನ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು.

ಆ ದಿನ ಸಭೆ ಮುಗಿಸುವ ಹೊಣೆ ಅವರ ಪಕ್ಕದಲ್ಲಿದ್ದ ರೂತ್ ಎಂಬ ಅಜ್ಜಿಯದು. ಆಕೆ ಪಕ್ಕದವರ ಕೈ ಕುಲುಕಿದರೆ ಸಭೆ ಮುಗಿದಂತೆ. ಹೊತ್ತಾಗಿತ್ತು. ಯಾರೋ ಆಗಲೇ ಕಾರಿನ ಕೀ ಹುಡುಕುತ್ತಿದ್ದರು. ರೂತ್ ಅನ್ನಪೂರ್ಣವ್ವನ ಕಡೆ ತಿರುಗಿ ಕೈ ಚಾಚಿದರು. ಲಿಂಗವಿದ್ದ ಅವರ ಅಂಗೈಯನ್ನೂ ಒದ್ದೆಯಾದ ಕೆನ್ನೆಯನ್ನೂ ನೋಡಿದರು. ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಮತ್ತೆ ಕಣ್ಣು ಮುಚ್ಚಿ ಕೂತರು.