ಕಣದ ಕೊರಳು

ನಮ್ಮೂರು ನೆಲ ಬಿಟ್ಟು ಮೇಲೆ ತೇಲತೊಡಗಿದಾಗಿನಿಂದ, ಕೆಳಗೆ ಮದುವೆಯಾದ ಹೆಣ್ಣುಮಕ್ಕಳಿಗೆ ಗೌರಿಹಬ್ಬದ ಬಾಗಿನ ಹೀಗೇ ಇಳಿಯುತ್ತದೆ. ರವಿಕೆ ಕಣದ ನಾಲ್ಕು ಮೂಲೆಗೆ ದಾರ, ದಾರದ ತುದಿಗೆ ಬಳೆ, ಕನ್ನಡಿ ಇಟ್ಟ ಡಬ್ಬಿ, ಮಕ್ಕಳ ಪ್ಯಾರಾಚೂಟಿನಂತೆಯೇ.

ಹೋದ ವರ್ಷ ನಮ್ಮನೆಯಿಂದ ಕುಸುಮಕ್ಕನಿಗೆ ಇಳಿಸಿದ ಬಾಗಿನ ಗಾಳಿಯಲ್ಲಿ ತೂಗಾಡಿ ಕೆರೆಗೆ ಬಿತ್ತು. ತವರು ತನ್ನನ್ನು ಮರೆಯಿತು ಅಂದುಕೊಂಡಳೇನೋ, ಅಂದಿನಿಂದ ಅವಳು ಅಂಗಳದಲ್ಲಿ ತಲೆಯೆತ್ತಿ ನೋಡಲೇ ಇಲ್ಲ.

ಶಾಲೆ ಬಿಟ್ಟ ಮೇಲೆ ನಾನು ಊರಂಚಿನ ಕಟ್ಟೆಯಲ್ಲಿ ಕೂತು ಮಕ್ಕಳ ಪ್ಯಾರಾಚೂಟ್ ಆಟ ನೋಡುತ್ತಿದ್ದೆ. ನೆತ್ತಿಯಲ್ಲಿ ತೂತಾದ ಪ್ಲಾಸ್ಟಿಕ್ ಚೀಲ ಮಾತ್ರ ತೂಗಾಡದೆ ನೇರ ಇಳಿಯುತ್ತಿತ್ತು. ಈ ಸಲ ಕಣವನ್ನು ನಾಲ್ಕಾಗಿ ಮಡಿಸಿ ಕತ್ತರಿ ಹಿಡಿದೆ.

ಅಮ್ಮ ಕೈ ಹಿಡಿದಳು. "ನಿಲ್ಸೇ ವಾರಿಜಾ. ತೂತು ಬಟ್ಟೇನ ಯಾರಾದ್ರೂ ಬಾಗಿನ ಕೊಡ್ತಾರೇನೇ?"

"ರವಿಕೆ ಹೊಲಿಯೋವಾಗ ಅಕ್ಕ ಕೊರಳು ಕತ್ತರಿಸ್ಲೇಬೇಕಲ್ಲಮ್ಮ. ನಾನು ಇಲ್ಲೇ ಶುರು ಮಾಡ್ಕೊಡ್ತೀನಿ, ಅಷ್ಟೆ."

ಅಮ್ಮ ಕೈ ಬಿಟ್ಟು, "ಚಿಕ್ಕದಾಗಿ ಕತ್ತರ್ಸು. ಅವಳಿಗೆ ಅಗಲ ಕೊರಳು ಇಷ್ಟ ಆಗಲ್ಲ" ಎಂದಳು.

ಕಣ ಅರಳಿ, ಒಂದಿಷ್ಟೂ ವಾಲದೆ ಇಳಿಯಿತು. ನಾವಿಬ್ಬರೂ ಕಟ್ಟೆಯಿಂದ ಬಗ್ಗಿ ಕಾದೆವು. ಸ್ವಲ್ಪ ಹೊತ್ತಿಗೆ ಕೆಳಗಿನ ಅಂಗಳದಿಂದ ಕನ್ನಡಿಯ ಬಿಸಿಲು ಮೇಲೆ ಬಂದು, ಅಮ್ಮನ ಕೆನ್ನೆಯ ಮೇಲೆ ಕುಣಿಯಿತು.