ಇನ್ನೊಂದೇ ಪೀಸ್

ಹೊಸ ವಿಡಿಯೋ ಗೇಮಿಗೆ ಐದು ಸಾವಿರ, ಅದಕ್ಕಾಗಿ ಹಾಕಿದ ರಜೆಗೆ ಸಂಬಳದಲ್ಲಿ ಒಂಬೈನೂರು ಕಡಿತ. ಮಗಳ ಹುಟ್ಟುಹಬ್ಬಕ್ಕೆ ಕೊಡಿಸುತ್ತೇನೆಂದು ಮಾತು ಕೊಟ್ಟವನು ಬೆಳಗ್ಗೆಯಿಂದ ಅಂಗಡಿ ಮುಂದಿನ ಉದ್ದನೆಯ ಸಾಲಿನಲ್ಲಿ ನಿಂತಿದ್ದ.

"ಕಂಪನಿ ಕಳಿಸಿದ್ದೇ ಕಡಿಮೆ. ಇನ್ನೊಂದೇ ಪೀಸ್ ಉಳಿದಿರೋದು," ಎಂದು ಅಂಗಡಿಯವನು ಕೂಗಿದ.

"ಥೂ, ಬೇಕಂತಲೇ ಕಾಯಿಸ್ತಾರೆ," ಎಂದು ಗೊಣಗಿ, ತನಗಿಂತ ಮುಂದಿದ್ದ ಒಬ್ಬಳೇ ಹೆಂಗಸಿಗೆ ಅವನು ಕೈಮುಗಿದ. "ಅಕ್ಕಾ, ನಿಮ್ಮ ಜಾಗ ನನಗೆ ಬಿಟ್ಟುಕೊಡಿ. ಮಗು ಕಾಯ್ತಿದೆ."

"ಬನ್ನಿ ಅಣ್ಣ, ನಾನೇನು ತಗೊಳ್ಳಲ್ಲ."

"ಮತ್ತೆ ಯಾಕೆ ನಿಂತಿದ್ದೀರಿ?"

"ಎಲೆಕ್ಷನ್ ಭಾಷಣಕ್ಕೆ ಜನ ಸೇರಿಸ್ತಾನಲ್ಲ, ಆ ಮೇಸ್ತ್ರಿಯೇ ನಮ್ಮನ್ನೆಲ್ಲ ಇಲ್ಲಿಗೆ ಕರ್ಕೊಂಡು ಬಂದ. ಕಂಪನಿ ದುಡ್ಡಂತೆ." ಅವಳು ದನಿ ತಗ್ಗಿಸಿದಳು. "ನಂಗೆ ಐನೂರು, ಒಂದು ಬಿರಿಯಾನಿ. ನಿಮಗೆಷ್ಟು ಕೊಟ್ರು?"